ಬಾಟಲಿಯೊಳಗಿನ ಹಸ್ತ, ಚಿತ್ತೆ: ನಂದಿ ತಪ್ಪಲಿನ ಕೆಂಪು ವೈನಿಗೆ ರುಚಿ ಕೊಡುವ ಮಳೆ-ಬಿಸಿಲು

ಬನ್ನೇರುಘಟ್ಟ ರಸ್ತೆಯ ಅರೆಕೆರೆಯಲ್ಲಿ ವೈನ್ ಕೊಳ್ಳಲು ಹೋದ ಗ್ರಾಹಕನ ಮುಂದೆ ಎರಡು ಬಾಟಲಿಗಳಿವೆ ಎಂದುಕೊಳ್ಳೋಣ. ಎರಡೂ ನಂದಿ ಬೆಟ್ಟದ ತಪ್ಪಲಿನ ಕೆಂಪು ವೈನ್. ತಯಾರಕರು ಒಬ್ಬರೇ, ಹೆಸರು ಒಂದೇ, ಬೆಲೆಯೂ ಒಂದೇ. ವ್ಯತ್ಯಾಸವಿರುವುದು ಚೀಟಿಯ ಮೇಲಿನ ಇಸವಿಯಲ್ಲಿ ಮಾತ್ರ. ಒಂದರ ಮೇಲೆ 2022, ಇನ್ನೊಂದರ ಮೇಲೆ 2024. ಮನೆಗೆ ಒಯ್ದು ತೆರೆದಾಗ ಬಣ್ಣದಲ್ಲಿ, ಹುಳಿಯಲ್ಲಿ, ನಾಲಿಗೆಯ ಮೇಲೆ ಉಳಿಯುವ ಒಗರಿನಲ್ಲಿ ಎರಡೂ ಬೇರೆ ಬೇರೆಯಾಗಿ ತೋರಿದರೆ ತಯಾರಕರು ಕೈಚಳಕ ತೋರಿದ್ದಾರೆಂದು ಶಂಕಿಸಬೇಕಾಗಿಲ್ಲ. ಆ ಎರಡು ಇಸವಿಗಳ ನಡುವೆ ತೋಟದ ಮೇಲೆ ಹಾದುಹೋದ ಮಳೆ, ಮೋಡ, ಬಿಸಿಲುಗಳೇ ಬೇರೆಯಾಗಿದ್ದವು.

ಅರೆಕೆರೆಯ ನಿವಾಸಿಗಳಿಗೆ ಆ ಹವಾಮಾನ ಅಪರಿಚಿತವೇನಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ದ್ರಾಕ್ಷಿ ಸೀಮೆ ಇಲ್ಲಿಂದ ಉತ್ತರಕ್ಕೆ ಐವತ್ತು, ಅರವತ್ತು ಕಿಲೋಮೀಟರ್ ದೂರದಲ್ಲಿದೆ. ನೆಲದ ಎತ್ತರವೂ ಹೆಚ್ಚು ಕಡಿಮೆ ಒಂದೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಅರೆಕೆರೆಯ ಮೇಲೆ ಕವಿಯುವ ಹಿಂಗಾರಿನ ಮೋಡ ಬಹುತೇಕ ಸಂದರ್ಭಗಳಲ್ಲಿ ಅಲ್ಲಿಯೂ ಕವಿದಿರುತ್ತದೆ. ನಗರದವರು ಅದನ್ನು ಕೊಡೆ ಮತ್ತು ಸಂಚಾರ ದಟ್ಟಣೆಯ ಲೆಕ್ಕದಲ್ಲಿ ನೆನಪಿಡುತ್ತಾರೆ. ದ್ರಾಕ್ಷಿ ಬೆಳೆಗಾರ ಹೂವು, ಗೊಂಚಲು, ಸಕ್ಕರೆಯ ಲೆಕ್ಕದಲ್ಲಿ ನೆನಪಿಡುತ್ತಾನೆ.

ನಂದಿ ತಪ್ಪಲಿನಲ್ಲಿ ಕೆಂಪು ವೈನಿನ ಪ್ರಯೋಗಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರ ನೆರವಿನಿಂದ 1980ರ ದಶಕದಲ್ಲಿ ಇಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿದರು. 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪನೆಯಾಯಿತು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ರಘುನಾಥಪುರದಲ್ಲಿ ಅದರ ವೈನರಿ ಇದೆ. ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಅನಂತರ ಬೋರ್ಡೋ ಪ್ರಾಂತ್ಯದ ಖ್ಯಾತ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ತಳಿಗಳನ್ನು ಬೆರೆಸಿ ತಯಾರಾಗುವ 'ಲಾ ರಿಸರ್ವ್' ಈ ಸೀಮೆಯ ಹೆಸರನ್ನು ಹೊರದೇಶಗಳಿಗೂ ತಲುಪಿಸಿತು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಬಳಿಕ ಇನ್ನಷ್ಟು ವೈನರಿಗಳು ತಲೆಯೆತ್ತಿದವು. 2012ರಲ್ಲಿ ಗ್ರೋವರ್ ಸಂಸ್ಥೆ ಮಹಾರಾಷ್ಟ್ರದ ವೈನರಿಯೊಂದರೊಡನೆ ವಿಲೀನಗೊಂಡು ಗ್ರೋವರ್ ಜಂಪಾ ಎನಿಸಿತು.

ಉಷ್ಣವಲಯದಲ್ಲಿ ವರ್ಷದಿಂದ ವರ್ಷಕ್ಕೆ ಹವಾಮಾನ ಹೆಚ್ಚೇನೂ ಬದಲಾಗುವುದಿಲ್ಲ, ಆದ್ದರಿಂದ ಇಲ್ಲಿನ ವೈನಿಗೆ ಇಸವಿಯ ಹಂಗಿಲ್ಲ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಅದು ಸರಿಯಲ್ಲ. ಇಲ್ಲಿ ಹವಾಮಾನ ವೈನಿನೊಳಗೆ ಪ್ರವೇಶಿಸುವ ದಾರಿ ಬೇರೆ, ಅಷ್ಟೆ.

ತಿರುಗಾ ಮುರುಗಾ ಪಂಚಾಂಗ

ಫ್ರಾನ್ಸಿನ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಏಪ್ರಿಲ್ ಹೊತ್ತಿಗೆ ಚಿಗುರಿ, ಜೂನ್‌ನಲ್ಲಿ ಹೂಬಿಟ್ಟು, ಆಗಸ್ಟ್‌ನಲ್ಲಿ ಬಣ್ಣ ತಿರುಗಿ, ಸೆಪ್ಟೆಂಬರ್ ಅಂತ್ಯದಿಂದ ಅಕ್ಟೋಬರ್‌ವರೆಗೆ ಕೊಯ್ಲಿಗೆ ಬರುತ್ತದೆ. ಯಾವಾಗ ಚಿಗುರಬೇಕೆಂದು ನಿರ್ಧರಿಸುವುದು ಬಿಸಿಲು, ಬೆಳೆಗಾರ ಕಾಯುತ್ತಾನೆ.

ನಂದಿ ತಪ್ಪಲು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ಬಳ್ಳಿಯನ್ನು ಮಲಗಿಸುವಷ್ಟು ಚಳಿ ಇಲ್ಲಿಲ್ಲ. ಬಿಟ್ಟರೆ ಅದು ವರ್ಷವಿಡೀ ಎಲೆ ಬಿಡುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಋತುವನ್ನು ಆರಂಭಿಸುವುದು ಕತ್ತರಿ. ವಿಜಯಪುರ, ಬಾಗಲಕೋಟೆಗಳ ಕಡೆ ರೈತರು ಇದನ್ನು 'ಚಾಟ್ನಿ' ಎನ್ನುತ್ತಾರೆ. ವೈನ್ ದ್ರಾಕ್ಷಿಗೆ ವರ್ಷದಲ್ಲಿ ಎರಡು ಚಾಟ್ನಿ, ಒಂದೇ ಫಸಲು. ಕೊಯ್ಲಾದ ಮೇಲೆ ಏಪ್ರಿಲ್ ಸುಮಾರಿಗೆ ಮೊದಲನೆಯದು. ಇದು ಬಳ್ಳಿಯ ಕಡ್ಡಿಗಳನ್ನು ಹೊಸದಾಗಿ ಬೆಳೆಸಿಕೊಳ್ಳಲು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎರಡನೆಯದು, ಇದು ಹಣ್ಣಿಗಾಗಿ. ಎರಡನೆಯ ಚಾಟ್ನಿಯ ಬಳಿಕ ಕಡ್ಡಿಯ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ದ್ರಾವಣ ಹಚ್ಚುವುದು ವಾಡಿಕೆ. ಚಳಿಗಾಲ ಮಾಡಬೇಕಾದ ಕೆಲಸವನ್ನು ರಾಸಾಯನಿಕದಿಂದ ಮಾಡಿಸಿ, ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯುವಂತೆ ನೋಡಿಕೊಳ್ಳಲಾಗುತ್ತದೆ. ಅಲ್ಲಿಂದ ಸುಮಾರು ನಾಲ್ಕೂವರೆಯಿಂದ ಐದು ತಿಂಗಳಿಗೆ, ಅಂದರೆ ಫೆಬ್ರುವರಿ-ಮಾರ್ಚ್ ವೇಳೆಗೆ, ಕೊಯ್ಲು.

ಈ ಪಂಚಾಂಗದಲ್ಲಿ ಒಂದು ಮುಖ್ಯ ಸೂಕ್ಷ್ಮವಿದೆ. ಬೋರ್ಡೋದಲ್ಲಿ ಹಣ್ಣು ಮಾಗುವ ಕಾಲ ಬಿಸಿಯಿಂದ ತಂಪಿನತ್ತ ಸಾಗುತ್ತದೆ. ಬೇಸಿಗೆ ಮುಗಿದು ಶರತ್ಕಾಲ ಬರುವಾಗ ರಾತ್ರಿಗಳು ತಣ್ಣಗಾಗುತ್ತವೆ, ಹಣ್ಣು ನಿಧಾನವಾಗಿ ಪಕ್ವವಾಗುತ್ತದೆ. ನಂದಿ ತಪ್ಪಲಿನಲ್ಲಿ ಇದಕ್ಕೆ ತದ್ವಿರುದ್ಧ. ಹಣ್ಣು ಬಣ್ಣ ತಿರುಗುವ ಜನವರಿಯಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ 27-28 ಡಿಗ್ರಿ, ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಮಾರ್ಚ್ ಹೊತ್ತಿಗೆ ಹಗಲಿನ ಬಿಸಿ 33 ಡಿಗ್ರಿಗೆ ಏರಿರುತ್ತದೆ. ಮಾಗುವ ಹಣ್ಣು ದಿನದಿಂದ ದಿನಕ್ಕೆ ಹೆಚ್ಚುವ ಬಿಸಿಲಿಗೆ ಮುಖಾಮುಖಿಯಾಗಿ ನಡೆಯಬೇಕು. ಇಲ್ಲಿನ ವೈನಿನ ಗುಣ-ದೋಷಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಮೇ ತಿಂಗಳ ಮೋಡ

ಮುಂದಿನ ಫೆಬ್ರುವರಿಯ ಗೊಂಚಲಿನ ಕಥೆ ಹಿಂದಿನ ಮೇ ತಿಂಗಳಲ್ಲೇ ಆರಂಭವಾಗುತ್ತದೆ ಎಂಬುದು ನಗರವಾಸಿಗಳಿಗೆ ವಿಚಿತ್ರವೆನಿಸಬಹುದು. ಏಪ್ರಿಲ್ ಚಾಟ್ನಿಯ ಬಳಿಕ ಬೆಳೆಯುವ ಎಳೆಯ ಕಡ್ಡಿಯ ಕಣ್ಣಿನೊಳಗೆ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ, ಹೂಗೊಂಚಲಿನ ಅಂಕುರ ಮೂಡುತ್ತದೆ. ಚಾಟ್ನಿಯಾದ ನಲವತ್ತು ದಿನಗಳಿಂದ ಮುಂದಿನ ಮೂರು-ನಾಲ್ಕು ವಾರ ಇದಕ್ಕೆ ನಿರ್ಣಾಯಕ. ಆಗ ಎಲೆಗಳ ಮೇಲೆ ಚೆನ್ನಾಗಿ ಬಿಸಿಲು ಬಿದ್ದರೆ ಕಣ್ಣಿನೊಳಗೆ ಗೊಂಚಲು ಕಟ್ಟುತ್ತದೆ. ಮೋಡ ಮುಸುಕಿ, ಕಡ್ಡಿಗಳು ನೀರು ಕುಡಿದು ಸೊಂಪಾಗಿ ಬೆಳೆದರೆ ಅದೇ ಅಂಕುರ ಗೊಂಚಲಾಗದೆ ಬಳ್ಳಿಯ ಕುಡಿಯಾಗಿಬಿಡುತ್ತದೆ.

ಬೆಂಗಳೂರು ಭಾಗದಲ್ಲಿ ಭರಣಿ, ಕೃತ್ತಿಕೆಯ ಗುಡುಗು ಮಳೆ ಸುರಿಯುವುದು, ಆ ಬೆನ್ನಿಗೆ ಮುಂಗಾರಿನ ಮೋಡ ಕವಿಯುವುದು ಸರಿಸುಮಾರು ಈ ಅವಧಿಯಲ್ಲೇ. ಸಂಜೆ ಸುರಿದು ಬೆಳಿಗ್ಗೆ ಬಿಸಿಲು ಬಿಡುವ ಮಳೆ ಅಷ್ಟಾಗಿ ತೊಂದರೆ ಕೊಡದು. ವಾರಗಟ್ಟಲೆ ಮೋಡ ನಿಂತರೆ ಮಾತ್ರ ಮುಂದಿನ ಸಾಲಿನ ಫಸಲು ಕುಗ್ಗುತ್ತದೆ. ಕುತೂಹಲದ ವಿಷಯವೆಂದರೆ, ಗೊಂಚಲು ಕಡಿಮೆಯಾದ ವರ್ಷದ ವೈನ್ ಕೆಟ್ಟದಾಗಬೇಕೆಂದಿಲ್ಲ. ಕಡಿಮೆ ಗೊಂಚಲಿಗೆ ಹೆಚ್ಚು ಎಲೆ ದುಡಿದರೆ ಹಣ್ಣು ಗಟ್ಟಿಯಾಗಬಹುದು. ರೈತನ ಆದಾಯಕ್ಕೆ ಮಾತ್ರ ಹೊಡೆತ ತಪ್ಪಿದ್ದಲ್ಲ. ಗುಣಮಟ್ಟ ಮತ್ತು ಇಳುವರಿ ಒಂದೇ ದಿಕ್ಕಿಗೆ ಸಾಗದ ಬೆಳೆಯಿದು.

ಕತ್ತರಿ ಹಾಕುವ ದಿನದ ಜೂಜು

ಹಣ್ಣಿನ ಚಾಟ್ನಿಯನ್ನು ಯಾವ ದಿನ ಮಾಡಬೇಕೆಂಬುದು ನಂದಿ ತಪ್ಪಲಿನ ವೈನ್ ಬೆಳೆಗಾರ ವರ್ಷದಲ್ಲಿ ತೆಗೆದುಕೊಳ್ಳುವ ಅತಿ ದೊಡ್ಡ ನಿರ್ಧಾರ. ಬೆಂಗಳೂರಿಗೆ ವರ್ಷವಿಡೀ ಸುರಿಯುವ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಅದರಲ್ಲಿ ಅತಿ ಹೆಚ್ಚು ಸುರಿಯುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ನಕ್ಷತ್ರಗಳ ಈ ಮಳೆ ರಾಗಿಗೆ ಅಮೃತ, ದ್ರಾಕ್ಷಿಯ ಹೂವಿಗೆ ಗಂಡಾಂತರ.

ಸೆಪ್ಟೆಂಬರ್ ಎರಡನೆಯ ವಾರದಲ್ಲೇ ಕತ್ತರಿ ಹಾಕಿದನೆನ್ನಿ. ಹಣ್ಣು ಜನವರಿ-ಫೆಬ್ರುವರಿಯ ತಂಪಿನಲ್ಲಿ ಮಾಗುತ್ತದೆ. ವೈನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಲವತ್ತು ದಿನಗಳ ಬಳಿಕ ಅರಳುವ ಹೂವು ಚಿತ್ತೆಯ ಮಳೆಗೆ ಸಿಕ್ಕಿಬೀಳುತ್ತದೆ. ಎಲೆ, ಹೂಗೊಂಚಲುಗಳು ಒದ್ದೆಯಾಗಿಯೇ ಉಳಿದರೆ ಡೌನಿ ರೋಗ ಬರುತ್ತದೆ. ಎಲೆಯ ತಳಭಾಗದಲ್ಲಿ ಬಿಳಿಯ ಬೂಜು ಹರಡಿ ಕೆಲವೇ ದಿನಗಳಲ್ಲಿ ಹೂಗೊಂಚಲು ಸುಟ್ಟಂತಾಗುತ್ತದೆ. ಸುಮಾರು 10 ಮಿಲಿಮೀಟರ್ ಮಳೆ, 10 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶ, ಒಂದು ಹಗಲು-ರಾತ್ರಿಯ ತೇವ ಇಷ್ಟಿದ್ದರೆ ಅದರ ಮೊದಲ ಸೋಂಕಿಗೆ ಸಾಕು ಎಂಬುದು ದ್ರಾಕ್ಷಿ ಬೆಳೆಯುವ ನಾಡುಗಳಲ್ಲೆಲ್ಲ ಬಳಕೆಯಲ್ಲಿರುವ ಹಳೆಯ ಲೆಕ್ಕ. ಹಿಂಗಾರಿನ ಬೆಂಗಳೂರಿನಲ್ಲಿ ಇಂಥ ದಿನಗಳಿಗೆ ಬರವಿಲ್ಲ.

ಈ ಅಪಾಯ ಬೇಡವೆಂದು ಸ್ವಾತಿಯವರೆಗೆ ಕಾದು ಅಕ್ಟೋಬರ್ ಕೊನೆಗೆ ಕತ್ತರಿ ಹಾಕಿದರೆ ಹೂವು ಡಿಸೆಂಬರ್‌ನ ಒಣ ಹವೆಯಲ್ಲಿ ನಿರಾತಂಕವಾಗಿ ಅರಳುತ್ತದೆ. ಆದರೆ ಕೊಯ್ಲು ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಜಾರುತ್ತದೆ. ಅಲ್ಲಿ ಕಾದಿರುವುದು ಸುಡು ಬಿಸಿಲು, ಮಾವಿನ ಮಳೆ, ಕೆಲವೊಮ್ಮೆ ಆಲಿಕಲ್ಲು. 2014ರ ಮಾರ್ಚ್‌ನಲ್ಲಿ ವಿಜಯಪುರ, ಬಾಗಲಕೋಟೆ ಭಾಗದಲ್ಲಿ ಬಿದ್ದ ಆಲಿಕಲ್ಲು ಮಳೆ ಕೊಯ್ಲಿಗೆ ಬಂದಿದ್ದ ದ್ರಾಕ್ಷಿಯನ್ನು ಏನು ಮಾಡಿತೆಂಬುದನ್ನು ಆ ಭಾಗದ ಬೆಳೆಗಾರರು ಮರೆತಿಲ್ಲ.

ಹೀಗೆ ಒಂದು ತುದಿಯಲ್ಲಿ ಮಳೆ, ಇನ್ನೊಂದು ತುದಿಯಲ್ಲಿ ಬಿಸಿಲು. ನಡುವೆ ಉಳಿಯುವ ಮೂರು-ನಾಲ್ಕು ವಾರಗಳ ಕಿಂಡಿಯೊಳಗೆ ಬೆಳೆಗಾರ ತನ್ನ ದಿನವನ್ನು ಆರಿಸಿಕೊಳ್ಳಬೇಕು. ದೊಡ್ಡ ತೋಟಗಳವರು ತಾಕು ತಾಕಾಗಿ ಬೇರೆ ಬೇರೆ ದಿನ ಕತ್ತರಿ ಹಾಕಿ ಅಪಾಯವನ್ನು ಹಂಚಿಕೊಳ್ಳುತ್ತಾರೆ. ಎರಡು-ಮೂರು ಎಕರೆಯಲ್ಲಿ ಬೆಳೆದು ವೈನರಿಗೆ ಮಾರುವ ರೈತನಿಗೆ ಆ ಸೌಕರ್ಯವಿಲ್ಲ.

ಬೆಂಗಳೂರಿನ ಮಳೆ ದಾಖಲೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವು ಬೇರೆಯೇ ಅರ್ಥ ಕೊಡುತ್ತವೆ. 2005ರ ಅಕ್ಟೋಬರ್ ಒಂದೇ ತಿಂಗಳಲ್ಲಿ ನಗರದಲ್ಲಿ 605 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯಿತು. ದಕ್ಷಿಣ ಬೆಂಗಳೂರಿನ ಹಲವು ತಗ್ಗು ಬಡಾವಣೆಗಳು ಜಲಾವೃತವಾದವು. 2017ರ ಸೆಪ್ಟೆಂಬರ್‌ನಲ್ಲಿ 500 ಮಿಲಿಮೀಟರ್ ದಾಟಿತು. 2021ರಲ್ಲಿ ಹಿಂಗಾರು ನವೆಂಬರ್ ಕೊನೆಯವರೆಗೂ ಬಿಡಲಿಲ್ಲ. ಯಲಹಂಕದ ದೊಡ್ಡ ವಸತಿ ಸಮುಚ್ಚಯವೊಂದರ ನಿವಾಸಿಗಳನ್ನು ದೋಣಿಯಲ್ಲಿ ಹೊರತಂದ ಚಿತ್ರಗಳು ಆ ತಿಂಗಳಿನವು. ಯಲಹಂಕದಿಂದ ದೊಡ್ಡಬಳ್ಳಾಪುರದ ತೋಟಗಳಿಗೆ ಇರುವುದು ಮುಕ್ಕಾಲು ಗಂಟೆಯ ದಾರಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಆಗ ವ್ಯಾಪಕ ಬೆಳೆಹಾನಿಯಾಯಿತು. 2022ನೇ ಇಸವಿಯ ಬಾಟಲಿಯೊಳಗಿನ ದ್ರಾಕ್ಷಿ ಹೂಬಿಟ್ಟು ಕಾಯಿ ಕಟ್ಟಿದ್ದು ಆ ಮಳೆಯಲ್ಲಿ.

ಮಣಿಯೊಳಗೆ ನಡೆಯುವುದೇನು?

ಕೆಂಪು ವೈನಿನ ಬಣ್ಣ, ಒಗರು, ಪರಿಮಳದ ಬಹುಭಾಗ ಇರುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ರಸ ಹೆಚ್ಚು ಕಡಿಮೆ ಬಣ್ಣರಹಿತ. ಜಜ್ಜಿದ ಹಣ್ಣನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಿಸುವುದರಿಂದಲೇ ವೈನ್ ಕೆಂಪಾಗುತ್ತದೆ. ಆದ್ದರಿಂದ ಮಣಿಯ ಗಾತ್ರಕ್ಕೆ ಇಲ್ಲಿ ಬಹಳ ಮಹತ್ವ. ಕಾಯಿ ಕಟ್ಟಿದ ಮೇಲೆ ಬಣ್ಣ ತಿರುಗುವ ಮುನ್ನ ಬಳ್ಳಿಗೆ ಸ್ವಲ್ಪ ಬಾಯಾರಿಕೆಯಾದರೆ ಮಣಿ ಸಣ್ಣದಾಗಿಯೇ ಉಳಿಯುತ್ತದೆ. ಸಣ್ಣ ಮಣಿಯಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು, ವೈನ್ ಗಾಢವಾಗುತ್ತದೆ. ಆ ಹೊತ್ತಿನಲ್ಲಿ ಮಳೆ ಧಾರಾಳವಾಗಿ ಸುರಿದರೆ ಮಣಿ ಉಬ್ಬುತ್ತದೆ, ಬಣ್ಣ ತೆಳುವಾಗುತ್ತದೆ. ತಿನ್ನುವ ದ್ರಾಕ್ಷಿ ಬೆಳೆಯುವವನು ದಪ್ಪ ಮಣಿಗೆ ಹಂಬಲಿಸಿದರೆ ವೈನ್ ದ್ರಾಕ್ಷಿಯವನು ಸಣ್ಣ ಮಣಿಗೆ ಹಂಬಲಿಸುತ್ತಾನೆ.

ಬಣ್ಣ ತಿರುಗಿದ ಮೇಲೆ ಹಣ್ಣಿನೊಳಗೆ ಹಲವು ಕೆಲಸಗಳು ಏಕಕಾಲಕ್ಕೆ, ಆದರೆ ಬೇರೆ ಬೇರೆ ವೇಗದಲ್ಲಿ ನಡೆಯುತ್ತವೆ. ಎಲೆಗಳಿಂದ ಸಕ್ಕರೆ ಹರಿದುಬರುತ್ತದೆ. ಹುಳಿ ಇಳಿಯುತ್ತದೆ. ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕೂಡುತ್ತದೆ. ಬೀಜ, ಸಿಪ್ಪೆಗಳ ಟ್ಯಾನಿನ್ ತನ್ನ ಕಟು ಒಗರನ್ನು ಬಿಟ್ಟು ಮೃದುವಾಗುತ್ತದೆ. ಇವೆಲ್ಲ ಒಟ್ಟಿಗೆ ಗುರಿ ಮುಟ್ಟಿದ ವರ್ಷ ಉತ್ತಮ ವರ್ಷ. ಬಿಸಿ ಹೆಚ್ಚಾದರೆ ಈ ಹೊಂದಾಣಿಕೆ ತಪ್ಪುತ್ತದೆ.

ಹುಳಿಯನ್ನೇ ತೆಗೆದುಕೊಳ್ಳಿ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಒಂದು ಟಾರ್ಟಾರಿಕ್, ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವ ಆಮ್ಲವೇ ಅದು. ಇನ್ನೊಂದು ಮ್ಯಾಲಿಕ್, ಹಸಿ ಸೇಬಿನ ಹುಳಿ. ಟಾರ್ಟಾರಿಕ್ ಆಮ್ಲ ಬಿಸಿಲಿಗೆ ಅಷ್ಟಾಗಿ ಜಗ್ಗದು. ಮ್ಯಾಲಿಕ್ ಹಾಗಲ್ಲ. ಮಾಗುವ ಹಣ್ಣು ಉಸಿರಾಟಕ್ಕೆ ಅದನ್ನೇ ಉರಿಸುತ್ತದೆ. ಬಿಸಿ ಹೆಚ್ಚಿದಷ್ಟೂ, ರಾತ್ರಿಯೂ ತಣ್ಣಗಾಗದಿದ್ದಷ್ಟೂ, ಬೇಗ ಬರಿದಾಗುತ್ತದೆ. ತಂಪು ರಾತ್ರಿಗಳ ವರ್ಷದ ವೈನ್ ಬಾಯಲ್ಲಿ ಚುರುಕಾಗಿ, ಜೊಲ್ಲು ಸುರಿಸುವಂತಿದ್ದರೆ ಬಿಸಿ ವರ್ಷದ್ದು ಸಪ್ಪೆಯಾಗಿ, ಭಾರವಾಗಿ ತೋರುವುದಕ್ಕೆ ಕಾರಣ ಇದು. ಅರೆಕೆರೆಯ ಪಕ್ಕದ ಹುಳಿಮಾವಿನ ಹೆಸರಿನಲ್ಲೇ ಇರುವಂತೆ, ಹಣ್ಣಿಗೆ ಹುಳಿಯೂ ಒಂದು ಗುಣವೇ.

ಸಕ್ಕರೆಯದು ಇದಕ್ಕೆ ವಿರುದ್ಧವಾದ ನಡೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ವೈನಿನಲ್ಲಿ ಶೇ 1ರಷ್ಟು ಮದ್ಯಸಾರ ಉಂಟಾಗುತ್ತದೆ. 240 ಗ್ರಾಂ ಇದ್ದರೆ ಸುಮಾರು ಶೇ 14. ಬಿಸಿಲಿನ ಫೆಬ್ರುವರಿಯಲ್ಲಿ ಸಕ್ಕರೆ ಓಡುತ್ತದೆ, ಟ್ಯಾನಿನ್ ನಡೆಯುತ್ತದೆ. ಸಕ್ಕರೆ ನೋಡಿ ಕೊಯ್ದರೆ ಒಗರು ಇನ್ನೂ ಎಳಸು, ಬಲಿಯದ ನೇರಳೆಹಣ್ಣನ್ನು ಕಚ್ಚಿದಂತೆ. ಒಗರು ಮಾಗಲೆಂದು ಕಾದರೆ ಮದ್ಯಸಾರ ವಿಪರೀತ, ಹುಳಿ ನಾಪತ್ತೆ. ಪರಿಮಳವೂ ತಾಜಾ ಹಣ್ಣಿನದಾಗಿರದೆ ಒಣದ್ರಾಕ್ಷಿ, ಕುದಿಸಿದ ಜಾಮಿನತ್ತ ವಾಲುತ್ತದೆ. ವೈನ್ ತಯಾರಕ ಕೊಯ್ಲಿನ ದಿನಗಳಲ್ಲಿ ಬ್ರಿಕ್ಸ್ ಮಾಪಕವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದರೂ ಕೊನೆಗೆ ನಂಬುವುದು ಬೀಜ ಅಗಿದು ನೋಡುವ ತನ್ನ ಹಲ್ಲನ್ನು. ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾದ ಬೀಜ ಮಾಗಿದ್ದರ ಗುರುತು. ಹಸಿರು ಬೀಜ ಕಹಿ.

ವರ್ಣದ್ರವ್ಯಕ್ಕೂ ಹದವಾದ ಹವೆ ಬೇಕು. ಹಗಲು ಬೆಚ್ಚಗೆ, ರಾತ್ರಿ ತಂಪಾಗಿದ್ದರೆ ಅದು ಚೆನ್ನಾಗಿ ಕೂಡುತ್ತದೆ. ಉಷ್ಣಾಂಶ 35 ಡಿಗ್ರಿ ದಾಟಿದರೆ ಅದರ ಉತ್ಪಾದನೆ ಕುಗ್ಗುವುದಷ್ಟೇ ಅಲ್ಲ, ಇದ್ದದ್ದೂ ಒಡೆಯತೊಡಗುತ್ತದೆ. ಬಿಸಿಲು ಹೆಚ್ಚಾದರೆ ವೈನ್ ಹೆಚ್ಚು ಕೆಂಪಾಗುತ್ತದೆಂಬ ಸಾಮಾನ್ಯ ಊಹೆ ತಪ್ಪೆಂದು ಇದರಿಂದ ತಿಳಿಯುತ್ತದೆ. ಬೆಳಕು ಬೇಕು, ಬೇಗೆ ಬೇಡ.

ಪರಿಮಳದಲ್ಲೂ ಹವಾಮಾನದ ಗುರುತುಗಳಿವೆ. ಕ್ಯಾಬರ್ನೆ ತಳಿಯಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆಗೆ ಕಾರಣವಾದ ಪೈರಜೀನ್ ಎಂಬ ಸಂಯುಕ್ತವಿದೆ. ಹಣ್ಣು ಮಾಗುತ್ತಾ, ಬೆಳಕು ಕಾಣುತ್ತಾ ಅದು ಕರಗುತ್ತದೆ. ಮಳೆ ಹೆಚ್ಚಾಗಿ ಎಲೆಗಳು ದಟ್ಟವಾಗಿ ಗೊಂಚಲು ನೆರಳಿನಲ್ಲೇ ಉಳಿದ ವರ್ಷ ಆ ಹಸಿ ವಾಸನೆ ಬಾಟಲಿಯವರೆಗೂ ಬರುತ್ತದೆ. ಶಿರಾಜ್‌ನಲ್ಲಿ ಕೆಲವೊಮ್ಮೆ ಕಾಣುವ ಕರಿಮೆಣಸಿನ ಘಾಟಿಗೆ ರೊಟಂಡೋನ್ ಕಾರಣವೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ನಿಜವಾದ ಕರಿಮೆಣಸಿನಲ್ಲಿರುವ ವಸ್ತುವೂ ಅದೇ. ತಂಪು ವರ್ಷಗಳಲ್ಲಿ ಅದು ಹೆಚ್ಚು, ಬಿಸಿ ವರ್ಷಗಳಲ್ಲಿ ಕಡಿಮೆ.

ಕೊಯ್ಲಿನ ಅಂಚಿನಲ್ಲಿ ಬೀಳುವ ಮಳೆಯ ಹಾನಿ ಎಲ್ಲಕ್ಕಿಂತ ಕ್ರೂರವಾದುದು. ಬೇರು ಹೀರಿದ ನೀರು ಮಣಿಗೆ ನುಗ್ಗಿ ಸಿಪ್ಪೆ ಬಿರಿಯುತ್ತದೆ, ಬಿರಿದಲ್ಲಿ ಕೊಳೆ ಸೇರುತ್ತದೆ, ಕೂಡಿದ್ದ ಸಕ್ಕರೆ ತೆಳುವಾಗುತ್ತದೆ. ಅನೇಕ ವೈನರಿಗಳು ಗುತ್ತಿಗೆ ಬೆಳೆಗಾರರಿಗೆ ಬೆಲೆ ಕಟ್ಟುವುದು ಸಕ್ಕರೆಯ ಅಂಶ ನೋಡಿ. ಐದು ತಿಂಗಳ ದುಡಿಮೆಯ ಬೆಲೆ ಒಂದು ಸಂಜೆಯ ಮಳೆಯಲ್ಲಿ ಕುಸಿಯಬಹುದು. ಈ ಒಂದು ವಿಷಯದಲ್ಲಿ ನಂದಿ ತಪ್ಪಲು ಫ್ರಾನ್ಸಿಗಿಂತ ಅದೃಷ್ಟಶಾಲಿ. ಜನವರಿ, ಫೆಬ್ರುವರಿಗಳಲ್ಲಿ ಇಲ್ಲಿ ಮಳೆ ನಗಣ್ಯ. ಬೋರ್ಡೋದಲ್ಲಿ ಕೊಯ್ಲಿನ ಕಾಲವೇ ಮಳೆಗಾಲದ ಹೊಸ್ತಿಲು. 2013ರಲ್ಲಿ ಅಲ್ಲಿ ತಂಪು, ಮಳೆಗಳ ಕಾಟದಿಂದ ಹಣ್ಣು ಮಾಗದೆ ತೆಳುವಾದ ವೈನ್ ಬಂದಿತು. ಅದೇ ಬೋರ್ಡೋ 2003ರಲ್ಲಿ ಯೂರೋಪನ್ನು ಬೇಯಿಸಿದ ಬಿಸಿಗಾಳಿಗೆ ಸಿಕ್ಕಿ, ಬಹಳ ಬೇಗ ಕೊಯ್ಲು ಮಾಡಿ, ಹುಳಿ ಕಡಿಮೆಯಾದ ಮಂದ ವೈನ್ ತಯಾರಿಸಿತು. ನಂದಿ ತಪ್ಪಲಿಗೆ ಪರಿಚಿತವಾದ ಕಷ್ಟ ಈ ಎರಡನೆಯದು.

ಇಲ್ಲಿನದೇ ತಳಿಯ ಪಾಠ

ಇಷ್ಟೆಲ್ಲ ಕಷ್ಟದ ನಡುವೆ ಇದೇ ಮಣ್ಣಿನಲ್ಲಿ ತಲೆಕೆಡಿಸಿಕೊಳ್ಳದೆ ಬೆಳೆಯುವ ದ್ರಾಕ್ಷಿಯೊಂದಿದೆ: ಬೆಂಗಳೂರು ನೀಲಿ. ಅಮೆರಿಕದ ಲ್ಯಾಬ್ರುಸ್ಕಾ ಕುಲದ ಈ ತಳಿ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯಲ್ಲಿ ಎಷ್ಟು ಬೇರೂರಿದೆಯೆಂದರೆ 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ದೊರೆಯಿತು. ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಸಿಪ್ಪೆ ದಪ್ಪ. ಮಳೆ, ಬಿಸಿಲುಗಳಿಗೆ ಫ್ರೆಂಚ್ ತಳಿಗಳಷ್ಟು ಬೇಗ ಸೋಲುವುದಿಲ್ಲ. ಆದರೆ ಅದರ ಕಸ್ತೂರಿಯಂಥ ತೀವ್ರ ವಾಸನೆ ಜ್ಯೂಸಿಗೆ, ಸಿಹಿ ಪೋರ್ಟ್ ಮಾದರಿಯ ವೈನಿಗೆ ಒಪ್ಪುತ್ತದೆಯೇ ಹೊರತು ಒಣ ಕೆಂಪು ವೈನಿಗೆ ಒಪ್ಪುವುದಿಲ್ಲವೆಂಬುದು ತಯಾರಕರ ಅಭಿಪ್ರಾಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೆಂಗಳೂರು ನೀಲಿಯನ್ನು ಬ್ಲಾಕ್ ಚಂಪಾ ತಳಿಯೊಡನೆ ಸಂಕರಿಸಿ 'ಅರ್ಕಾ ಶ್ಯಾಮ್' ಅನ್ನು ಹೊರತಂದಿತು. ಹವಾಮಾನಕ್ಕೆ ಒಗ್ಗಿದ ತಳಿಯಿಂದಲೇ ಒಳ್ಳೆಯ ವೈನ್ ಪಡೆಯುವ ಆ ದಾರಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಚೀಟಿಯ ಮೇಲೆ ಫ್ರೆಂಚ್ ಹೆಸರಿದ್ದರೆ ಮಾತ್ರ ಕೊಳ್ಳುವ ನಗರದ ಗ್ರಾಹಕನೂ ಇದಕ್ಕೆ ಸ್ವಲ್ಪಮಟ್ಟಿಗೆ ಹೊಣೆ.

ವೈನರಿಯೊಳಗೆ ಕೆಲವು ತಿದ್ದುಪಡಿಗಳು ಸಾಧ್ಯ. ಹುಳಿ ಕಡಿಮೆಯಾದ ವರ್ಷ ಟಾರ್ಟಾರಿಕ್ ಆಮ್ಲ ಬೆರೆಸುವುದು ಬಿಸಿ ನಾಡುಗಳಲ್ಲೆಲ್ಲ ಇರುವ ಪದ್ಧತಿ. ತಂಪು ನಾಡುಗಳಲ್ಲಿ ಮಾಗದ ರಸಕ್ಕೆ ಸಕ್ಕರೆ ಹಾಕುವಂತೆಯೇ ಇದೂ. ಬೇಗ ಕೊಯ್ದ ತಾಕಿನ ವೈನನ್ನು ತಡವಾಗಿ ಕೊಯ್ದದ್ದರೊಡನೆ ಬೆರೆಸಬಹುದು. ಶಿರಾಜ್‌ನ ಮೃದುತ್ವದಿಂದ ಕ್ಯಾಬರ್ನೆಯ ಬಿರುಸನ್ನು ಮುಚ್ಚಬಹುದು. ಬಿರಿದ, ಕೊಳೆತ ಮಣಿಗಳನ್ನು ಕೈಯಿಂದ ಆರಿಸಿ ತೆಗೆಯಬಹುದು. ಸಿಪ್ಪೆಯಲ್ಲಿ ಕೂಡದೇ ಹೋದ ಬಣ್ಣವನ್ನು, ಹುಟ್ಟದೇ ಹೋದ ಪರಿಮಳವನ್ನು ಮಾತ್ರ ಯಾರೂ ತಂದುಕೊಡಲಾರರು.

ರಾಜ್ಯದೊಳಗೇ ಬೇರೆ ಹವೆಯ ಸೀಮೆಗಳಿವೆ. ಕೃಷ್ಣಾ ಕೊಳ್ಳದ ವಿಜಯಪುರದಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಡೌನಿ ರೋಗದ ಕಾಟ ನಂದಿ ತಪ್ಪಲಿನಷ್ಟಿಲ್ಲ, ಆದರೆ ಮಾಗುವ ಕಾಲದ ಬೇಗೆ ಇನ್ನೂ ಬೇಗ ಬರುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಯ ಬಂಡೆಗುಡ್ಡಗಳ ಸೀಮೆಯಲ್ಲಿ ಕೃಸ್ಮಾ ಎಸ್ಟೇಟ್ಸ್ ಕ್ಯಾಬರ್ನೆ ಮತ್ತು ಇಟಲಿ ಮೂಲದ ಸಾಂಜೊವೇಸೆ ಬೆಳೆದು ವೈನ್ ತಯಾರಿಸುತ್ತಿದೆ. ಒಂದೇ ಇಸವಿ ನಂದಿಗೆ ಕೆಟ್ಟದ್ದಾಗಿ ಹಂಪಿಗೆ ಒಳ್ಳೆಯದಾಗಿರುವುದು ಅಸಂಭವವಲ್ಲ. 'ಕರ್ನಾಟಕದ ವೈನಿಗೆ ಒಳ್ಳೆಯ ವರ್ಷ' ಎಂಬ ಮಾತಿಗೆ ಹಾಗಾಗಿ ಅರ್ಥ ಕಡಿಮೆ.

ಕಿರಿದಾಗುತ್ತಿರುವ ಕಿಂಡಿ

ಬೆಳೆಗಾರರ ಇಂದಿನ ಆತಂಕವಿರುವುದು ಚಾಟ್ನಿಯ ಆ ಮೂರು-ನಾಲ್ಕು ವಾರಗಳ ಕಿಂಡಿಯ ಬಗ್ಗೆ. 2022ರಲ್ಲಿ ಬೆಂಗಳೂರಿನ ವಾರ್ಷಿಕ ಮಳೆ 1,900 ಮಿಲಿಮೀಟರ್ ದಾಟಿ ಹಿಂದಿನ ದಾಖಲೆಗಳನ್ನು ಮುರಿಯಿತು. ಮರುವರ್ಷವೇ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ನವೆಂಬರ್‌ವರೆಗೆ ಲಂಬಿಸಿದರೆ ಕಿಂಡಿಯ ಒಂದು ಬದಿ ಮುಚ್ಚುತ್ತದೆ. ಫೆಬ್ರುವರಿಯಲ್ಲೇ ಬೇಸಿಗೆ ಬಂದರೆ ಇನ್ನೊಂದು ಬದಿ. ದೇಶದ ಸರಾಸರಿ ಗರಿಷ್ಠ ಉಷ್ಣಾಂಶದ ಲೆಕ್ಕದಲ್ಲಿ 2023ರ ಫೆಬ್ರುವರಿ 1901ರಿಂದೀಚೆಗೆ ಅತಿ ಬಿಸಿಯಾದುದು ಎಂದು ಹವಾಮಾನ ಇಲಾಖೆ ದಾಖಲಿಸಿದೆ.

ಒಣ ವರ್ಷ ವೈನಿಗೆ ಒಳ್ಳೆಯದೆಂಬ ಮಾತಿಗೂ ಒಂದು ಮಿತಿಯಿದೆ. ಬಳ್ಳಿಗೆ ಬೇಕಾದದ್ದು ಅಲ್ಪ ಬಾಯಾರಿಕೆ, ಬರಗಾಲವಲ್ಲ. ನದಿಯಿಲ್ಲದ ಬಯಲುಸೀಮೆಯ ಈ ತೋಟಗಳು ನಿಂತಿರುವುದು ಕೊಳವೆಬಾವಿ ಮತ್ತು ಹನಿ ನೀರಾವರಿಯ ಮೇಲೆ. ಅಂತರ್ಜಲ ಇಳಿದಾಗ ಎಲೆ ಬಾಡುತ್ತದೆ, ಸಕ್ಕರೆ ಕಟ್ಟುವುದು ನಿಲ್ಲುತ್ತದೆ, ಮಣಿ ಮಾಗುವ ಬದಲು ಸುಕ್ಕುತ್ತದೆ. 2024ರ ಮಾರ್ಚ್‌ನಲ್ಲಿ ದಕ್ಷಿಣ ಬೆಂಗಳೂರಿನ ಬಡಾವಣೆಗಳು ಟ್ಯಾಂಕರ್ ನೀರಿಗಾಗಿ ಸರದಿಯಲ್ಲಿ ನಿಂತಿದ್ದಾಗ ನಂದಿ ತಪ್ಪಲಿನಲ್ಲಿ ನಡೆಯುತ್ತಿದ್ದದ್ದು ದ್ರಾಕ್ಷಿ ಕೊಯ್ಲು. ಕೊಯ್ಲಿನ ಬೆನ್ನಿಗೇ, ಏಪ್ರಿಲ್ 28ರಂದು, ನಗರದ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು.

ಅಂಗಡಿಯ ಕಪಾಟಿನಲ್ಲಿ ಇಸವಿ ನೋಡುವವರು ಒಂದು ಸರಳ ಲೆಕ್ಕ ನೆನಪಿಡಬಹುದು. ಇಲ್ಲಿನ ಚೀಟಿಯ ಮೇಲಿರುವುದು ಕೊಯ್ಲಿನ ವರ್ಷ. ಹೂವಿನ ಮೇಲೆ ಸುರಿದದ್ದು ಅದರ ಹಿಂದಿನ ವರ್ಷದ ಹಸ್ತ, ಚಿತ್ತೆ. ಮಾಗಿಸಿದ್ದು ಆ ವರ್ಷದ್ದೇ ಫೆಬ್ರುವರಿ. 2022 ಎಂದಿದ್ದರೆ ಯಲಹಂಕದಲ್ಲಿ ದೋಣಿ ಇಳಿದ 2021ರ ನವೆಂಬರನ್ನು ನೆನೆಯಬೇಕು: ತೆಳು ಬಣ್ಣ, ಹಗುರ ಮೈ, ಕೊಂಚ ಹಸಿ ವಾಸನೆ ನಿರೀಕ್ಷಿಸಬಹುದು. 2024 ಎಂದಿದ್ದರೆ ಬರವನ್ನೂ ಟ್ಯಾಂಕರನ್ನೂ: ಸಣ್ಣ ಮಣಿಯ ಗಾಢತೆ, ಏರಿದ ಮದ್ಯಸಾರ, ಇಳಿದ ಹುಳಿ. ತೋಟದವನು ಕತ್ತರಿ ಹಾಕಿದ ದಿನ ಸರಿಯಾಗಿತ್ತೇ ಎಂಬುದನ್ನು ಅವಲಂಬಿಸಿ ಈ ನಿರೀಕ್ಷೆ ತಲೆಕೆಳಗಾಗಲೂಬಹುದು. ಚೀಟಿಯ ಮೇಲೆ ಆ ದಿನಾಂಕವನ್ನು ಯಾರೂ ಮುದ್ರಿಸುವುದಿಲ್ಲ.